ನಿಮಗಿದು ಗೊತ್ತೆ? ಟ್ರೇಲರಿನ ಗುಟ್ಟು ಚಕ್ಕಡಿಯಲ್ಲಿದೆ

ಎಸ್‌ಯುವಿಗೆ ಪ್ರವಾಸದ ಟ್ರೇಲರ್ ಕಟ್ಟುವಾಗ ಎಂಜಿನ್ನಿನ ಬಲಕ್ಕಿಂತ ಮೊದಲು ನೋಡಬೇಕಾದದ್ದು ಕೊಂಡಿಯ ಮೇಲೆ ಕೂರುವ ಭಾರ. ಅಕ್ಕಲಕೋಟೆ ಸೀಮೆಯ ಚಕ್ಕಡಿಯಲ್ಲೇ ಇದಕ್ಕೆ ಸಾಕ್ಷಿಯಿದೆ: ಹೇರು ಹಿಂದಾದರೆ ನೊಗ ಮೇಲೇಳುತ್ತದೆ, ತೀರಾ ಮುಂದಾದರೆ ಎತ್ತುಗಳ ಹೆಗಲಿಗೆ ಒತ್ತು ಬೀಳುತ್ತದೆ. ಅಮೆರಿಕದಲ್ಲಿ ರೂಢಿಯಲ್ಲಿರುವ ಲೆಕ್ಕದಂತೆ ಟ್ರೇಲರಿನ ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕು. 1,000 ಕಿಲೋಗೆ 100ರಿಂದ 150 ಕಿಲೋ. ಕಡಿಮೆಯಾದರೆ ವೇಗ ಏರಿದಂತೆ ಟ್ರೇಲರ್ ಓಲಾಡಿ ಕಾರನ್ನೇ ತಿರುಗಿಸಬಲ್ಲದು. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು, ದಾರಿ ಹಿಡಿಯುವ ಮುಂದಿನ ಗಾಲಿಗಳ ಹಿಡಿತ ಸಡಿಲವಾಗುತ್ತದೆ. ಈ ಭಾರವನ್ನು ಪ್ರಯಾಣಿಕರ, ಸಾಮಾನಿನ ತೂಕಕ್ಕೆ ಕೂಡಿಸಿಯೇ ಕಾರಿನ ಮಿತಿ ನೋಡಬೇಕು.

ಸೊಲ್ಲಾಪುರ ಜಿಲ್ಲೆಯಲ್ಲಿ ಕಬ್ಬಿನ ಹಂಗಾಮಿಗೆ ಒಂದೇ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆಯುವುದಿಲ್ಲವೇ ಎಂದು ಕೇಳಬಹುದು. ಎಳೆಯುತ್ತದೆ, ಆದರೆ ಅದರ ನಡೆ ನಿಧಾನ, ನಾಲ್ಕು ಗಾಲಿಯ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುತ್ತದೆ. ಅಷ್ಟಾದರೂ ಇಳಿಜಾರಿನಲ್ಲಿ ಹಿಂದಿನ ಹೇರು ಟ್ರ್ಯಾಕ್ಟರನ್ನು ನೂಕುತ್ತದೆ. ಪುಣೆ–ಸೊಲ್ಲಾಪುರ ಹೆದ್ದಾರಿಯ ಕಾರಿಗೆ ಅಪಾಯ ಇನ್ನೂ ದೊಡ್ಡದು: ವೇಗ ಇಮ್ಮಡಿಯಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಭಾರದ ಟ್ರೇಲರಿಗೆ ಸ್ವಂತ ಬ್ರೇಕ್, ಕೊಂಡಿ ಕಳಚಿದರೂ ಹಿಡಿಯುವ ಸರಪಳಿ, ಉರಿಯುವ ಹಿಂದೀಪ ಇರಲೇಬೇಕು. ಓಲಾಟ ಶುರುವಾದರೆ ಕಾರಿನ ಬ್ರೇಕ್ ಜೋರಾಗಿ ಒತ್ತಬೇಡಿ. ಸ್ಟೀರಿಂಗ್ ನೇರ ಹಿಡಿದು ಎಕ್ಸಲರೇಟರ್ ಮೆಲ್ಲಗೆ ಬಿಡಿ.