ಎಳೆಯ ಕಾಂಕ್ರೀಟು ಬಿರುಕು ಬಿಡುವುದೇಕೆ?

ಚಾಮರಾಜನಗರ, ಗುಂಡ್ಲುಪೇಟೆ ಭಾಗದ ಬಿರುಬಿಸಿಲಿನಲ್ಲಿ, ಒಣಗಾಳಿಗೆ ತೆರೆದುಕೊಂಡ ಹೊಸ ತಾರಸಿಯ ಮೇಲೆ ಕೂದಲೆಳೆಯ ಬಿರುಕುಗಳು ಮೂಡಿದರೆ, ಅದಕ್ಕೆ ಸಾಮಾನ್ಯವಾಗಿ ಕಾರಣವಾಗುವುದು ಭಾರವಲ್ಲ, ಎಳೆತ. ನೀರು ಆವಿಯಾದಂತೆ ಕಾಂಕ್ರೀಟು ಕುಗ್ಗಲು ಹವಣಿಸುತ್ತದೆ. ಕಬ್ಬಿಣದ ಸರಳುಗಳೂ ತೊಲೆಗಳೂ ಅದನ್ನು ತಡೆಹಿಡಿಯುವುದರಿಂದ ಕರ್ಷಣ, ಅಂದರೆ ಎಳೆಯುವ ಒತ್ತಡ, ಹುಟ್ಟುತ್ತದೆ.

ಕಾಂಕ್ರೀಟಿನ ಕರ್ಷಣ ಸಾಮರ್ಥ್ಯವು ಭಾರ ತಾಳುವ ಸಾಮರ್ಥ್ಯದ ಸುಮಾರು ಹತ್ತನೇ ಒಂದು ಭಾಗ ಮಾತ್ರ; ಮೊದಲ ದಿನಗಳಲ್ಲಿ ಅಷ್ಟೂ ಕೂಡಿಬಂದಿರುವುದಿಲ್ಲ.

ಈ ಕರ್ಷಣ ಸಾಮರ್ಥ್ಯವನ್ನು ಅಳೆಯಲು ಸೀಳು ಕರ್ಷಣ ಪರೀಕ್ಷೆ ಇದೆ. 150 ಮಿ.ಮೀ. ವ್ಯಾಸ, 300 ಮಿ.ಮೀ. ಉದ್ದದ ಸಿಲಿಂಡರನ್ನು ಯಂತ್ರದಲ್ಲಿ ಅಡ್ಡ ಮಲಗಿಸಿ, ಮೇಲೂ ಕೆಳಗೂ ಪಟ್ಟಿಯಿಟ್ಟು ನಿಧಾನವಾಗಿ ಒತ್ತಿದಾಗ, ಆ ಒತ್ತಡವು ಅಡ್ಡದಿಕ್ಕಿನ ಎಳೆತವಾಗಿ ಮಾರ್ಪಟ್ಟು ಸಿಲಿಂಡರು ನಡುವೆ ಸೀಳುತ್ತದೆ. ಸುಮಾರು 70.7 ಕಿಲೋನ್ಯೂಟನ್ ಭಾರಕ್ಕೆ ಸೀಳಿದರೆ, ಅದರ ಕರ್ಷಣ ಸಾಮರ್ಥ್ಯ ಚದರ ಮಿಲಿಮೀಟರಿಗೆ ಒಂದು ನ್ಯೂಟನ್.

ಕುಗ್ಗುವಿಕೆಯಿಂದ ಬರುವ ಬಿರುಕನ್ನೇ ಪರೀಕ್ಷಿಸಲು ಉಂಗುರ ಪರೀಕ್ಷೆ ಬಳಕೆಯಲ್ಲಿದೆ. ಉಕ್ಕಿನ ಉಂಗುರದ ಸುತ್ತ ಎರಕ ಹೊಯ್ದ ಕಾಂಕ್ರೀಟು ಒಣಗುತ್ತ ಉಕ್ಕನ್ನು ಬಿಗಿದಪ್ಪುತ್ತದೆ. ಉಕ್ಕಿಗೆ ಅಂಟಿಸಿದ ಮಾಪಕಗಳು ಆ ಬಿಗಿತವನ್ನು ದಾಖಲಿಸುತ್ತವೆ. ಬಿಗಿತ ಥಟ್ಟನೆ ಕುಸಿದ ಗಳಿಗೆಯೇ ಬಿರುಕು ಬಿಟ್ಟ ಗಳಿಗೆ. ಆ ಗಳಿಗೆ ತಡವಾದಷ್ಟೂ ಮಿಶ್ರಣ ಉತ್ತಮ.

ಎಳೆಯ ಕಾಂಕ್ರೀಟು ಬೇಗ ಒಣಗಿದರೆ ಹೀಗೆ ಬಿರುಕು ಬಿಡುವುದರಿಂದಲೇ ಐಎಸ್ 456 ಎಂಬ ಭಾರತೀಯ ಮಾನಕವು ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಬಿಸಿಯಾದ ಒಣಹವೆಯಲ್ಲಿ ಕನಿಷ್ಠ 10 ದಿನ ತೇವವಾಗಿಡಲು ಹೇಳುತ್ತದೆ. ಈ ಸೀಮೆಯ ಬೇಸಿಗೆಯಲ್ಲಿ ಮನೆ ಕಟ್ಟುವವರು ತಾರಸಿಗೆ ಒದ್ದೆ ಗೋಣಿ ಹೊದಿಸುವ ಕೆಲಸವನ್ನು ಮರುದಿನಕ್ಕೆ ಮುಂದೂಡಬಾರದು.