ಮುಚ್ಚಿದ ಪೆಟ್ಟಿಗೆಯ ಕಡಲಯಾನ

ಕೃಷ್ಣಾ ತೀರದ ನಾಡಿನಲ್ಲಿರುವ ರಬಕವಿ-ಬನಹಟ್ಟಿ ಅವಳಿ ಪಟ್ಟಣಗಳು ನೇಕಾರಿಕೆಗೆ ಹೆಸರಾದವು. ಮಗ್ಗದ ಸದ್ದು ಅಲ್ಲಿನ ಓಣಿಗಳ ನಿತ್ಯದ ದನಿ. ಅಲ್ಲಿ ನೇಯ್ದ ಸೀರೆಯನ್ನು ಊರಿನ ಅಂಗಡಿಯಲ್ಲಿ ಕೊಳ್ಳುವವರು ಸೆರಗನ್ನು ಬಿಡಿಸಿ ನೋಡುತ್ತಾರೆ, ನೂಲನ್ನು ಮುಟ್ಟಿ ಪರೀಕ್ಷಿಸುತ್ತಾರೆ, ಕುಂದಿದ್ದರೆ ಅಲ್ಲಿಯೇ ಹೇಳುತ್ತಾರೆ. ಆದರೆ ಬಟ್ಟೆಯು ಕಡಲಾಚೆಯ ದೇಶಕ್ಕೆ ಹೋಗಬೇಕಾದರೆ ಈ ಅನುಕೂಲವಿಲ್ಲ. ಕಳುಹಿಸುವವನು ಒಂದು ದಡದಲ್ಲಿ, ಕೊಳ್ಳುವವನು ಇನ್ನೊಂದು ದಡದಲ್ಲಿ. ನಡುವೆ ಸಾವಿರಾರು ಮೈಲಿಗಳ ನೀರು. ಹೀಗಿರುವಾಗ ಸರಕು ಕಳುವಾಗದೆ, ನೆನೆಯದೆ, ಬದಲಾಗದೆ ತಲುಪುವುದೆಂಬ ಭರವಸೆಯನ್ನು ಯಾರು ಕೊಡಬೇಕು?

ಹಿಂದಿನ ಕಾಲದಲ್ಲಿ ಈ ಭರವಸೆ ಬಹಳ ದುರ್ಬಲವಾಗಿತ್ತು. ಮೂಟೆ, ಪೀಪಾಯಿ, ಮರದ ಪೆಟ್ಟಿಗೆಗಳನ್ನು ಹಮಾಲರು ಒಂದೊಂದಾಗಿ ಹೊತ್ತು ಹಡಗಿಗೆ ಏರಿಸುತ್ತಿದ್ದರು. ಒಂದು ಹಡಗನ್ನು ತುಂಬಿ ಇಳಿಸಲು ದಿನಗಟ್ಟಲೆ ಹಿಡಿಯುತ್ತಿತ್ತು. ಕೈಯಿಂದ ಕೈಗೆ ಹೋದಷ್ಟೂ ಸರಕು ಒಡೆಯುವುದೂ ಕಾಣೆಯಾಗುವುದೂ ಸಾಮಾನ್ಯವಾಗಿತ್ತು.

ಈ ತೊಡಕಿಗೆ ಪರಿಹಾರವನ್ನು ಕಂಡವನು ಹಡಗಿನ ವ್ಯಾಪಾರಿಯಲ್ಲ, ಲಾರಿಗಳ ಒಡೆಯನಾದ ಅಮೆರಿಕದ ಮಾಲ್ಕಮ್ ಮೆಕ್ಲೀನ್. ಸರಕನ್ನು ಬಿಡಿಬಿಡಿಯಾಗಿ ಇಳಿಸಿ ಏರಿಸುವ ಬದಲು ತುಂಬಿದ ಪೆಟ್ಟಿಗೆಯನ್ನೇ ಹಡಗಿಗೆ ಏರಿಸಬಾರದೇಕೆ ಎಂಬುದು ಅವನ ವಿಚಾರ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಿತು. ಬಿಡಿ ಸರಕನ್ನು ತುಂಬಲು ಟನ್ನಿಗೆ 5 ಡಾಲರಿಗೂ ಹೆಚ್ಚು ತಗಲುತ್ತಿದ್ದ ಆ ದಿನಗಳಲ್ಲಿ ಇದಕ್ಕೆ ತಗಲಿದ ವೆಚ್ಚ 16 ಸೆಂಟಿಗೂ ಕಡಿಮೆ. ಮುಂದೆ ಅಂತರರಾಷ್ಟ್ರೀಯ ಒಪ್ಪಂದದಿಂದ ಪೆಟ್ಟಿಗೆಗಳ ಅಳತೆಗಳು ನಿಗದಿಯಾದವು. 20 ಅಡಿ ಮತ್ತು 40 ಅಡಿ ಉದ್ದದ ಪೆಟ್ಟಿಗೆಗಳು ಹೆಚ್ಚು ಬಳಕೆಗೆ ಬಂದವು. ಅಳತೆ ಒಂದೇ ಆದುದರಿಂದ ಒಂದು ದೇಶದ ಪೆಟ್ಟಿಗೆಯು ಇನ್ನೊಂದು ದೇಶದ ಲಾರಿಗೂ ರೈಲಿಗೂ ಕ್ರೇನಿಗೂ ಹೊಂದಿಕೊಂಡಿತು. ಇಂದು 20 ಅಡಿಯ ಲೆಕ್ಕದಲ್ಲಿ 24,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹೊರಬಲ್ಲ ಹಡಗುಗಳು ಸಂಚರಿಸುತ್ತಿವೆ.

ಭಾರತದಲ್ಲಿ 1973ರಲ್ಲಿ ಮೊದಲ ಕಂಟೇನರ್ ಹಡಗು ಕೊಚ್ಚಿಗೆ ಬಂದಿತು. 1981ರಲ್ಲಿ ದೇಶದ ಮೊದಲ ಒಳನಾಡು ಕಂಟೇನರ್ ನಿಲ್ದಾಣ ಬೆಂಗಳೂರಿನಲ್ಲಿ ಆರಂಭವಾಯಿತು. ಕಡಲಿಲ್ಲದ ನಗರಕ್ಕೆ ಬಂದರೇ ನಡೆದು ಬಂದಂತಾಯಿತು. ಸುಂಕದ ಅಧಿಕಾರಿಗಳ ತಪಾಸಣೆ ಅಲ್ಲಿಯೇ ಮುಗಿದು, ಬೀಗಮುದ್ರೆ ಬಿದ್ದ ಪೆಟ್ಟಿಗೆಯು ರೈಲಿನಲ್ಲಿ ಬಂದರಿಗೆ ಸಾಗುವ ಏರ್ಪಾಡು ಅದು. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವ ಮಂಗಳೂರು ಬಂದರಿನಿಂದ ಇಂದು ಕಾಫಿ, ಗೋಡಂಬಿ ಮುಂತಾದ ಸರಕುಗಳು ಕಂಟೇನರುಗಳಲ್ಲಿ ಪರದೇಶಗಳಿಗೆ ಹೋಗುತ್ತವೆ.

ಮುಚ್ಚಿದ ಪೆಟ್ಟಿಗೆಯ ರಕ್ಷಣೆಗೆ ಮೊದಲ ಕಾವಲು ಅದರ ಗುರುತಿನ ಸಂಖ್ಯೆ. ಪ್ರತಿಯೊಂದು ಪೆಟ್ಟಿಗೆಯ ಮೇಲೆ ನಾಲ್ಕು ಅಕ್ಷರಗಳೂ ಏಳು ಅಂಕಿಗಳೂ ಇರುತ್ತವೆ. ಅಕ್ಷರಗಳು ಒಡೆತನವನ್ನೂ ಬಗೆಯನ್ನೂ ಸೂಚಿಸುತ್ತವೆ. ಆರು ಅಂಕಿಗಳು ಕ್ರಮಸಂಖ್ಯೆ. ಕೊನೆಯ ಅಂಕಿಯನ್ನು ಉಳಿದವುಗಳಿಂದ ಲೆಕ್ಕ ಹಾಕಿ ಪಡೆಯಲಾಗುತ್ತದೆ. ಬರೆಯುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ತಾಳೆಯಾಗದೆ ತಪ್ಪು ಸಾಮಾನ್ಯವಾಗಿ ಬಯಲಾಗುತ್ತದೆ. ಎರಡನೆಯ ಕಾವಲು ಬಾಗಿಲಿನ ಸೀಲು. ಈ ಉಕ್ಕಿನ ಕೀಲಕ್ಕೂ ತನ್ನದೇ ಸಂಖ್ಯೆಯುಂಟು. ಒಮ್ಮೆ ಕೂಡಿಸಿದರೆ ಕತ್ತರಿಸದೆ ತೆಗೆಯಲು ಬಾರದು. 2017ರಲ್ಲಿ ಜಾರಿಗೆ ಬಂದ ವ್ಯವಸ್ಥೆಯಂತೆ, ಅನುಮತಿ ಪಡೆದ ಭಾರತೀಯ ರಫ್ತುದಾರರು ತಮ್ಮ ಕಾರ್ಖಾನೆಯಲ್ಲಿಯೇ ಸರಕನ್ನು ತುಂಬಿ ಇಲೆಕ್ಟ್ರಾನಿಕ್ ಸೀಲು ಹಾಕಬಹುದು. ದಾರಿಯಲ್ಲಿ ಯಾರಾದರೂ ಅದನ್ನು ಕೆಡಿಸಿದರೆ ಬಂದರಿನಲ್ಲಿ ಗೊತ್ತಾಗುತ್ತದೆ.

ಆದರೆ ಸರಕನ್ನು ಕಾಯುವ ಗೋಡೆಯೇ ಕೇಡನ್ನೂ ಮರೆಮಾಡಬಲ್ಲದು. ಹೊರಗಿನಿಂದ ಎಲ್ಲ ಪೆಟ್ಟಿಗೆಗಳೂ ಒಂದೇ. ಒಳಗೆ ಸೀರೆಯಿದೆಯೋ ಆಯುಧವಿದೆಯೋ ಕಣ್ಣಿಗೆ ಕಾಣದು. 2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ಭಯೋತ್ಪಾದಕರ ದಾಳಿ ನಡೆದ ಬಳಿಕ ಈ ಆತಂಕ ಬಲವಾಯಿತು. ಸಂಶಯಾಸ್ಪದ ಪೆಟ್ಟಿಗೆಗಳನ್ನು ಹಡಗೇರುವ ಬಂದರಿನಲ್ಲಿಯೇ ಪರೀಕ್ಷಿಸುವ ಏರ್ಪಾಡನ್ನು ಅಮೆರಿಕವು 2002ರಲ್ಲಿ ಆರಂಭಿಸಿತು. ಹಡಗು ಮತ್ತು ಬಂದರುಗಳ ಭದ್ರತೆಗಾಗಿ ರೂಪುಗೊಂಡ ಅಂತರರಾಷ್ಟ್ರೀಯ ಸಂಹಿತೆಯು 2004ರ ಜುಲೈ 1ರಿಂದ ಜಾರಿಗೆ ಬಂದಿತು.

ಹಾಗಾದರೆ ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚಿ ನೋಡಬಾರದೇ? ಹಾಗೆ ಮಾಡಿದರೆ ಹಡಗುಗಳು ಮತ್ತೆ ದಿನಗಟ್ಟಲೆ ಕಾಯಬೇಕಾಗುವುದು; ಪೆಟ್ಟಿಗೆಯಿಂದಾದ ಲಾಭವೇ ಇಲ್ಲವಾಗುವುದು. ಆದುದರಿಂದ ಅಧಿಕಾರಿಗಳು ಮೊದಲು ಕಾಗದಪತ್ರಗಳನ್ನು ಪರಿಶೀಲಿಸುತ್ತಾರೆ. ಸಂಶಯ ಬಂದವುಗಳನ್ನು ಉಕ್ಕಿನ ಗೋಡೆಯನ್ನೂ ಭೇದಿಸಿ ತೋರಿಸುವ ಕಿರಣಯಂತ್ರದ ಮುಂದೆ ನಿಲ್ಲಿಸುತ್ತಾರೆ. ಅಗತ್ಯವಾದರೆ ಬಾಗಿಲನ್ನು ತೆರೆಸುತ್ತಾರೆ. ಹೀಗೆ ಇಡೀ ವ್ಯವಸ್ಥೆಯು ಕೊನೆಗೆ ನಿಂತಿರುವುದು ಕಾಗದದ ಮೇಲೆ ಬರೆದ ಮಾತು ನಿಜವೆಂಬ ನಂಬಿಕೆಯ ಮೇಲೆ.

ಆ ಮಾತು ಸುಳ್ಳಾದರೆ ಆಗುವ ಹಾನಿ ಹಣದ್ದು ಮಾತ್ರವಲ್ಲ. ಪೆಟ್ಟಿಗೆಯ ತೂಕವನ್ನು ಕಡಿಮೆ ಬರೆದರೆ ಭಾರದ ಪೆಟ್ಟಿಗೆ ಮೇಲಕ್ಕೂ ಹಗುರವಾದುದು ಕೆಳಕ್ಕೂ ಸೇರಿ, ಸಾಲು ಕುಸಿಯಬಹುದು, ಹಡಗಿನ ಸಮತೋಲವೇ ಕೆಡಬಹುದು. ಅದಕ್ಕಾಗಿಯೇ 2016ರ ಜುಲೈ 1ರಿಂದ ತೂಕವನ್ನು ಖಚಿತಪಡಿಸದ ತುಂಬಿದ ಪೆಟ್ಟಿಗೆಯನ್ನು ಹಡಗಿಗೆ ಏರಿಸಬಾರದೆಂಬ ನಿಯಮ ಬಂದಿದೆ. ಬೆಂಕಿ ಹತ್ತುವ ವಸ್ತುವನ್ನು ಬೇರೆ ಹೆಸರಿನಲ್ಲಿ ಕಳುಹಿಸಿದರೆ ನಾವಿಕರಿಗೆ ಅದನ್ನು ಎಲ್ಲಿಡಬೇಕು, ಹೇಗೆ ಆರಿಸಬೇಕು ಎಂಬುದೇ ತಿಳಿಯದು. ಹಡಗಿನ ಬೆಂಕಿ ಎಷ್ಟು ಘೋರವೆಂಬುದನ್ನು ಕರ್ನಾಟಕದ ಕರಾವಳಿ ಹತ್ತಿರದಿಂದ ಕಂಡಿದೆ. 2025ರ ಜೂನ್ 9ರಂದು ಕೇರಳದ ಆಚೆಯ ಸಮುದ್ರದಲ್ಲಿ ‘ವಾನ್ ಹೈ 503’ ಎಂಬ ಕಂಟೇನರ್ ಹಡಗಿನಲ್ಲಿ ಸ್ಫೋಟ ಸಂಭವಿಸಿ ಬೆಂಕಿ ಹಬ್ಬಿತು. 22 ಸಿಬ್ಬಂದಿಯಲ್ಲಿ 18 ಮಂದಿಯನ್ನು ರಕ್ಷಿಸಿ ನೌಕಾಪಡೆಯ ಹಡಗಿನಲ್ಲಿ ಮಂಗಳೂರಿಗೆ ಕರೆತರಲಾಯಿತು. ನಾಲ್ವರು ಕಣ್ಮರೆಯಾದರು.

ಭದ್ರತೆಯು ವ್ಯಾಪಾರದ ಕಾಲಿಗೆ ತೊಡಕೆಂದು ಕೆಲವರು ಭಾವಿಸುವುದುಂಟು. ವಾಸ್ತವದಲ್ಲಿ ಬಟ್ಟೆಗೆ ಹಾಸು ಹೇಗೋ ವ್ಯಾಪಾರಕ್ಕೆ ಭದ್ರತೆ ಹಾಗೆ. ಎಳೆಗಳು ಸಡಿಲವಾದರೆ ಹೊಕ್ಕು ನಿಲ್ಲದು. ಪೆಟ್ಟಿಗೆಯ ಸರಕನ್ನು ಸರಿಯಾಗಿ ಬರೆಯುವ ಗುಮಾಸ್ತ, ತೂಕವನ್ನು ಸರಿಯಾಗಿ ಹೇಳುವ ವ್ಯಾಪಾರಿ, ಸೀಲಿನ ಸಂಖ್ಯೆಯನ್ನು ತಾಳೆ ನೋಡುವ ಕಾವಲುಗಾರ, ಇವರಲ್ಲಿ ಯಾರೂ ಕಡಲನ್ನು ದಾಟುವುದಿಲ್ಲ. ಆದರೆ ಕಡಲನ್ನು ದಾಟುವ ನಾವಿಕರ ಜೀವ ಇವರೆಲ್ಲರ ಪ್ರಾಮಾಣಿಕತೆಯ ಕೈಯಲ್ಲಿದೆ.