ಗೋಡೆ ಕೆಡಹುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರಿಗೆ ನಮ್ಮ ಈ ಉಪನಗರಗಳ ಫ್ಲ್ಯಾಟುಗಳ ಪರಿಚಯವಿರಲಿಲ್ಲ. ಇಲ್ಲಿ ನಾವು ಮನೆಯನ್ನು ಕಟ್ಟುವುದಿಲ್ಲ. ಕಟ್ಟಿದ್ದನ್ನು ಕೊಳ್ಳುತ್ತೇವೆ, ವರ್ಷಗಟ್ಟಲೆ ಸಾಲದ ಕಂತು ತೀರಿಸುತ್ತೇವೆ, ಮಕ್ಕಳ ಮದುವೆಯ ಹೊತ್ತಿಗೆ ಅದನ್ನು ಒಡೆದು ಅಂದಗೊಳಿಸಲು ಹೊರಡುತ್ತೇವೆ. ಡೊಂಬಿವಲಿ ಪೂರ್ವದಲ್ಲಿರುವ ನನ್ನ ಹಳೆಯ ಸ್ನೇಹಿತರೊಬ್ಬರು ಕೆಲವು ವರ್ಷಗಳ ಹಿಂದೆ ಮಾಡಹೊರಟದ್ದು ಇದನ್ನೇ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಮಗಳ ಮದುವೆ ನಿಶ್ಚಯವಾಗಿತ್ತು. ಅಡಿಗೆಮನೆಗೂ ಹಾಲಿಗೂ ನಡುವಣ ಗೋಡೆಯನ್ನು ತೆಗೆದರೆ ಬೀಗರು ಬಂದಾಗ ನಾಲ್ಕು ಜನ ಹೆಚ್ಚಿಗೆ ಕುಳಿತುಕೊಳ್ಳಬಹುದೆಂಬುದು ಮನೆಯವರ ಆಸೆ. ಗುತ್ತಿಗೆದಾರನು ಬಂದು ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಎರಡು ಸಲ ತಟ್ಟಿ, ‘ಇದು ಬರೀ ಪಾರ್ಟಿಷನ್, ಎರಡು ದಿನದ ಕೆಲಸ’ ಎಂದು ಹೇಳಿ ಮುಂಗಡ ಪಡೆದು ಹೋಗಿದ್ದನು.

‘ಏನಕ್ಕೂ ನೀವೊಮ್ಮೆ ನೋಡಿಬಿಡಿ ರಾಯರೇ’ ಎಂದು ಸ್ನೇಹಿತರು ನನಗೆ ಹೇಳಿಕಳುಹಿಸಿದರು. ಕಟ್ಟಡಗಳ ಭಾರದ ಲೆಕ್ಕದಲ್ಲಿಯೇ ಆಯುಷ್ಯ ಕಳೆದವನು ನಾನು.

ವೈದ್ಯ ಮಹಾಶಯರು ರಕ್ತದೊತ್ತಡ, ಮಧುಮೇಹಗಳನ್ನು ಕುರಿತು ಬರೆಯುವ ಈ ಸಂಚಿಕೆಯಲ್ಲಿ ಗೋಡೆಯ ಮಾತೇಕೆ ಎಂದು ವಾಚಕರು ಕೇಳಬಹುದು. 2017ರ ಜುಲೈ 25ರಂದು ಘಾಟ್‌ಕೋಪರಿನಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೊಂದು ಕುಸಿದು 17 ಜನರು ಅಸುನೀಗಿದರು. ನೆಲ ಅಂತಸ್ತಿನಲ್ಲಿ ನವೀಕರಣ ನಡೆದಿತ್ತು. ಆಧಾರದ ಕಂಬಗಳಿಗೆ ಕೈಹಾಕಿದ್ದೇ ಕಾರಣವೆಂಬ ಆರೋಪ ಬಂದಿತು. 2022ರ ಜೂನ್ 11ರಂದು ನವಿಮುಂಬಯಿಯ ನೆರೂಳಿನಲ್ಲಿ ಆರನೆಯ ಮಹಡಿಯ ಮನೆಯೊಂದರ ನೆಲಹಾಸಿನ ಕೆಲಸ ನಡೆಯುತ್ತಿದ್ದಾಗ ಸ್ಲ್ಯಾಬು ಕಳಚಿ ಕೆಳಗಿನ ಮಹಡಿಗಳನ್ನೂ ಸೀಳಿಕೊಂಡು ಬಿದ್ದಿತು. 2025ರ ಮೇ 20ರಂದು ಕಲ್ಯಾಣ ಪೂರ್ವದಲ್ಲಿಯೂ ಹಾಗೆಯೇ ನೆಲಹಾಸಿನ ಕೆಲಸದ ನಡುವೆ ಸ್ಲ್ಯಾಬು ಕುಸಿದು ಆರು ಜನರು ಸತ್ತರು. ಯಾವ ಔಷಧಿಯೂ ಇವರ ಪಾಲಿಗೆ ಒದಗಲಿಲ್ಲ.

ನಮ್ಮ ಸುತ್ತಲಿನ ಕಟ್ಟಡಗಳಲ್ಲಿ ಎರಡು ಜಾತಿ. ಥಾಣೆಯ ನೌಪಾಡಾ, ಡೊಂಬಿವಲಿ, ಕಲ್ಯಾಣಗಳ ಹಳೆಯ ಭಾಗಗಳಲ್ಲಿ ಈಗಲೂ ಉಳಿದಿರುವ ಎರಡು ಮೂರು ಮಹಡಿಯ ಕಟ್ಟಡಗಳಲ್ಲಿ ಎಷ್ಟೋ ಇಟ್ಟಿಗೆಯ ಗೋಡೆಗಳ ಮೇಲೆಯೇ ನಿಂತಿವೆ. ಅಲ್ಲಿ ಗೋಡೆಯೇ ಕಂಬ. ಎರಡನೆಯ ಜಾತಿಯಲ್ಲಿ ಆರ್.ಸಿ.ಸಿ. ಕಂಬ ತೊಲೆಗಳದೇ ಅಸ್ಥಿಪಂಜರ. ಗೋಡೆಗಳು ಅದರ ನಡುವೆ ತುಂಬಿದ ಮರೆ ಮಾತ್ರ. ಮೊದಲನೆಯದರಲ್ಲಿ ಗೋಡೆ ತೆಗೆಯುವುದೆಂದರೆ ಮೂಳೆಯನ್ನೇ ತೆಗೆದಂತೆ.

ಇದನ್ನು ತಿಳಿಯುವ ಬಗೆ ಹೇಗೆ? ತಟ್ಟಿ ನೋಡುವುದರಿಂದಲಂತೂ ಅಲ್ಲ. ತಟ್ಟಿದ ಸದ್ದು ಗಾರೆಯ ಸ್ಥಿತಿಯನ್ನು ಹೇಳೀತು, ಗೋಡೆಯ ತಲೆಯ ಮೇಲೆ ಏನಿದೆ ಎಂಬುದನ್ನು ಹೇಳದು. ಸೊಸೈಟಿಯ ಕಪಾಟಿನಲ್ಲಿ ಮಂಜೂರಾದ ನಕ್ಷೆ ಇದ್ದರೆ ಮೊದಲು ಅದನ್ನು ಬಿಡಿಸಬೇಕು, ಆರ್.ಸಿ.ಸಿ. ನಕ್ಷೆಯೂ ಸಿಕ್ಕಿದರೆ ಕಂಬ ಯಾವುದು, ತೊಲೆ ಯಾವುದು ಎಂಬುದು ಅಲ್ಲಿಯೇ ತಿಳಿಯುತ್ತದೆ. ನನ್ನ ಸ್ನೇಹಿತರ ಸೊಸೈಟಿಯಲ್ಲಿ ಇದ್ದದ್ದು ಗೆದ್ದಲು ತಿಂದು ಮಿಕ್ಕ ಅರ್ಧ ಹಾಳೆ. ಆದುದರಿಂದ ಬಾಗಿಲ ಚೌಕಟ್ಟಿನ ಬಳಿ ಗೋಡೆಯ ದಪ್ಪವನ್ನು ಅಳೆದೆನು. ಗಾರೆ ಸೇರಿ ಹತ್ತು ಅಂಗುಲ. ಅಂದರೆ ಒಳಗಿನದು ಒಂಬತ್ತು ಅಂಗುಲದ ಇಟ್ಟಿಗೆ ಕೆಲಸ. ಬರಿಯ ಮರೆಗೋಡೆಯಾಗಿದ್ದರೆ ಸಾಮಾನ್ಯವಾಗಿ ಐದೂವರೆಗೆ ಮುಗಿಯಬೇಕಿತ್ತು. ಚಾವಣಿಯತ್ತ ನೋಡಿದೆನು, ಗೋಡೆಯ ನೆತ್ತಿಯಲ್ಲಿ ತೊಲೆಯ ಗುರುತಿಲ್ಲ, ಸ್ಲ್ಯಾಬು ನೇರವಾಗಿ ಗೋಡೆಯ ಮೇಲೆಯೇ ಕುಳಿತಿದೆ.

ಇಷ್ಟು ಸಾಲದು. ಗೋಡೆಯ ಜಾತಕವಿರುವುದು ನಮ್ಮ ಮನೆಯಲ್ಲಲ್ಲ, ಮೇಲಿನ ಮತ್ತು ಕೆಳಗಿನ ಮನೆಗಳಲ್ಲಿ. ಮೇಲಿನ ಮಹಡಿಯಲ್ಲಿ ಒಬ್ಬ ವೃದ್ಧ ಮರಾಠಿ ತಾಯಿ ಬಾಗಿಲು ತೆರೆದರು. ಅವರ ಅಡಿಗೆಮನೆಯ ಗೋಡೆ ನೂಲು ಹಿಡಿದಂತೆ ಇದರ ಮೇಲೆಯೇ ಇದ್ದಿತು. ಅದರಲ್ಲಿ ಅವರ ದೇವರ ಗೂಡು. ಕೆಳಗಿಳಿದು ನೆಲ ಅಂತಸ್ತಿಗೆ ಹೋದೆವು. ಅಲ್ಲಿ ಮಕ್ಕಳ ಟ್ಯೂಷನ್ ತರಗತಿ ನಡೆಯುತ್ತಿದ್ದಿತು. ಗೋಡೆ ಇರಬೇಕಾದ ಜಾಗದಲ್ಲಿ ಗೋಡೆ ಇರಲಿಲ್ಲ! ಹನ್ನೆರಡು ವರ್ಷಗಳ ಹಿಂದೆ ಯಾರೋ ಅದನ್ನು ತೆಗೆದು, ತೆಳುವಾದ ಕಾಂಕ್ರೀಟಿನ ಪಟ್ಟಿಯೊಂದನ್ನು ಕೂಡಿಸಿ, ಸುಣ್ಣ ಬಳಿದು ಹೋಗಿದ್ದರು. ಸ್ನೇಹಿತರ ಮನೆಯ ಬಾಗಿಲ ಮೂಲೆಯಿಂದ ಓರೆಯಾಗಿ ಮೇಲೇರಿದ ಬಿರುಕೊಂದನ್ನು ನಾನು ಆಗಲೇ ಕಂಡಿದ್ದೆನು. ಪ್ರತಿ ದೀಪಾವಳಿಗೂ ಅವರು ಅದನ್ನು ಪುಟ್ಟಿ ಹಚ್ಚಿ ಮುಚ್ಚುತ್ತಿದ್ದರು, ಪ್ರತಿ ಮಳೆಗಾಲದಲ್ಲೂ ಅದು ಮತ್ತೆ ಬಾಯಿ ಬಿಡುತ್ತಿದ್ದಿತು. ಕಾರಣವೇನೆಂದು ಈಗ ತಿಳಿಯಿತು. ಮೂರು ಅಂತಸ್ತುಗಳ ಭಾರವನ್ನು ಸ್ನೇಹಿತರ ಆ ‘ಬರೀ ಪಾರ್ಟಿಷನ್’ ಗೋಡೆ ಕಮಾನಿನಂತೆ ಬದಿಗೆ ಸರಿಸಿಕೊಂಡು ನಿಂತಿದ್ದಿತು.

ಹತ್ತು ಅಂಗುಲದ್ದು ಭಾರ ಹೊರುವ ಗೋಡೆ, ತೆಳುವಾದದ್ದು ಅಲ್ಲ ಎಂದು ಯಾರೂ ಸೂತ್ರ ಕಟ್ಟಬಾರದು. ಘೋಡ್‌ಬಂದರ್ ರಸ್ತೆಯ ಅಂಚಿನಲ್ಲಿ, ನವಿಮುಂಬಯಿಯಲ್ಲಿ ಎದ್ದಿರುವ ಹೊಸ ಗೋಪುರಗಳಲ್ಲಿ ಹಲವನ್ನು ಅಲ್ಯುಮಿನಿಯಮ್ ಅಚ್ಚುಗಳಲ್ಲಿ ಕಾಂಕ್ರೀಟು ಸುರಿದು ಎರಕ ಹೊಯ್ದಿದ್ದಾರೆ. ಮೈವಾನ್ ಪದ್ಧತಿ ಎಂದು ಜನ ಕರೆಯುವುದು ಇದನ್ನೇ. ಅಲ್ಲಿ ಆರಂಗುಲದ ಒಳಗೋಡೆಯೂ ಸರಳು ತುಂಬಿದ ಆಧಾರದ ಗೋಡೆಯಾಗಿರಬಹುದು. ಹವಾನಿಯಂತ್ರಕದ ಕೊಳವೆಗೆ ದೊಡ್ಡ ತೂತು ಕೊರೆಯುವುದಕ್ಕೂ ಇಂಜಿನಿಯರರನ್ನು ಕೇಳಬೇಕು. ಇನ್ನು ನಾಲ್ಕೂವರೆ ಅಂಗುಲದ ನಿಜವಾದ ಮರೆಗೋಡೆ ಕೂಡ ಯಾವಾಗಲೂ ನಿರಪಾಯಕಾರಿಯಲ್ಲ. ಮೇಲಿನ ಸ್ಲ್ಯಾಬು ವರ್ಷ ವರ್ಷವೂ ಕೂದಲೆಳೆಯಷ್ಟು ಬಾಗುತ್ತ ಬಂದು ಕೊನೆಗೆ ಅದರ ಮೇಲೆ ಕುಳಿತುಬಿಡುತ್ತದೆ. ಹುಟ್ಟಿನಿಂದ ಭಾರ ಹೊರದಿದ್ದ ಗೋಡೆ ಮುಪ್ಪಿನಲ್ಲಿ ಊರುಗೋಲಾಗುತ್ತದೆ.

ಭಾರದ ಮಾತು ಬಂದುದರಿಂದ ಒಂದು ಲೆಕ್ಕ. ಮನೆಯಲ್ಲಿ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 200 ಕಿಲೋ ಎಂದು ಹಿಡಿದು ಸ್ಲ್ಯಾಬನ್ನು ರಚಿಸುವುದು ವಾಡಿಕೆ. ಹಳೆಯ ಟೈಲ್ಸನ್ನು ಕೀಳದೆ ಅದರ ಮೇಲೆಯೇ ಎರಡಂಗುಲ ಗಾರೆ ಹಾಕಿ ಹೊಸತನ್ನು ಕೂಡಿಸಿದರೆ ಚದರ ಮೀಟರಿಗೆ ಹೆಚ್ಚುಕಡಿಮೆ 125 ಕಿಲೋ ಏರುತ್ತದೆ; ಮೀಸಲಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೆಲವೇ ನುಂಗಿತು. ಹತ್ತಡಿ ಉದ್ದ, ಒಂಬತ್ತಡಿ ಎತ್ತರದ ಅರ್ಧ ಇಟ್ಟಿಗೆಯ ಗೋಡೆ ಗಾರೆ ಸಹಿತ ಎರಡು ಟನ್ನಿಗೂ ಮಿಕ್ಕಿ ತೂಗುತ್ತದೆ. ಅದನ್ನು ಒಡೆದು ಅವಶೇಷವನ್ನು ಕೋಣೆಯ ನಡುವೆ ರಾಶಿ ಹಾಕಿ ಕೂಲಿಯವರು ಊಟಕ್ಕೆ ಹೋಗುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಅಂದಂದಿನ ಅವಶೇಷ ಅಂದಂದೇ ಕೆಳಗಿಳಿಯಬೇಕು. ಆಗ ಏಳುವ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಸಿಲಿಕಾ ಇರುತ್ತದೆ; ನೀರು ಚಿಮುಕಿಸದೆ ಒಡೆಯಕೂಡದು, ಉಬ್ಬಸದವರು ಆ ದಿನಗಳಲ್ಲಿ ಬೇರೆಡೆ ಇರುವುದೊಳಿತು.

ಬೇಲಾಪುರದಲ್ಲಿ ಸಿಡ್ಕೋಗಾಗಿ ಚಾರ್ಲ್ಸ್ ಕೊರಿಯಾ ಅವರು 1980ರ ದಶಕದಲ್ಲಿ ರಚಿಸಿದ ವಸತಿಯಲ್ಲಿ ಒಬ್ಬರ ಗೋಡೆ ಮತ್ತೊಬ್ಬರದಲ್ಲ. ನೆರೆಯವರನ್ನು ಕದಲಿಸದೆ ಮನೆ ಬೆಳೆಸಿಕೊಳ್ಳಲಿ ಎಂಬುದೇ ಉದ್ದೇಶ. ನಮ್ಮ ಫ್ಲ್ಯಾಟುಗಳಿಗೆ ಆ ಭಾಗ್ಯವಿಲ್ಲ. ಅದಕ್ಕೇ ಸೊಸೈಟಿಯ ಮತ್ತು ನಗರಪಾಲಿಕೆಯ ಅನುಮತಿ ಬೇಕೆಂಬ ನಿಯಮ. ಮಹಾರಾಷ್ಟ್ರದ ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಸ್ನೇಹಿತರ ಕಟ್ಟಡಕ್ಕೆ ನಲವತ್ತು ತುಂಬಿದ್ದರೂ ಒಂದೂ ಆಗಿರಲಿಲ್ಲ. ಲೆಕ್ಕ ಬಲ್ಲವರೇ ಸೊಸೈಟಿ ನಡೆಸುತ್ತಿದ್ದರು ಎಂಬುದು ಸೋಜಿಗ.

ಮುಂಗಡ ಹಿಂದಿರುಗಲಿಲ್ಲ, ಗೋಡೆ ಉಳಿಯಿತು. ಮೂರು ಭಾನುವಾರಗಳ ಸಭೆಯಲ್ಲಿ ಖರ್ಚು ಯಾರದೆಂಬ ಜಗಳ ಮುಗಿದ ಮೇಲೆ, ಪಾಲಿಕೆಯಲ್ಲಿ ನೋಂದಾಯಿತರಾದ ಸ್ಟ್ರಕ್ಚರಲ್ ಇಂಜಿನಿಯರರೊಬ್ಬರನ್ನು ಕರೆಸಿದರು. ಅವರು ನೆಲ ಅಂತಸ್ತಿನಲ್ಲಿ ಆನಿಕೆಗಳನ್ನು ಕೊಟ್ಟು, ಹಳೆಯ ಪಟ್ಟಿಯ ಜಾಗದಲ್ಲಿ ಉಕ್ಕಿನ ಎರಡು ತೊಲೆಗಳನ್ನು ಕೂಡಿಸಿದರು. ಆ ಹದಿನೈದು ದಿನ ಟ್ಯೂಷನ್ ಮಕ್ಕಳಿಗೆ ರಜೆ. ಬಿರುಕಿಗೆ ಈ ಸಲ ಪುಟ್ಟಿ ಹಚ್ಚಗೊಡದೆ, ಅದರ ಮೇಲೆ ಅಡ್ಡಲಾಗಿ ಗಾಜಿನ ಚೂರೊಂದನ್ನು ಗಾರೆಯಿಂದ ಅಂಟಿಸಿ, ತಾರೀಖು ಬರೆದರು. ಗೋಡೆ ಮತ್ತೆ ಸರಿದರೆ ಗಾಜು ಒಡೆಯುತ್ತದೆ.

ಮದುವೆ ನಿಶ್ಚಯಿಸಿದ ದಿನವೇ ನಡೆಯಿತು. ಹಾಲಿನಲ್ಲಿ ಹಿಡಿಸದ ಬೀಗರನ್ನು ಮೇಲಿನ ಮನೆಯ ತಾಯಿ ತಮ್ಮಲ್ಲಿಗೆ ಕರೆದು ಚಹಾ ಕೊಟ್ಟರು. ಎರಡು ಮಳೆಗಾಲ ಕಳೆದಿವೆ. ಸ್ನೇಹಿತರು ದಿನವೂ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಆ ಗಾಜನ್ನು ನೋಡುತ್ತಾರೆ. ಇನ್ನೂ ಒಡೆದಿಲ್ಲ.